ಎದುರು ಸುತ್ತು

ಎ ಬ್ಲಾಕಿನ ಅಕ್ಕನೂ ಸಿ ಬ್ಲಾಕಿನ ತಂಗಿಯೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಆದರೂ ಬೆಳಗಾದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೂರು ಬ್ಲಾಕುಗಳನ್ನು ಬಳಸಿ, ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತೆ ಒಂದು ನಡಿಗೆ ದಾರಿಯಿತ್ತು. ಅಕ್ಕ ಅದರಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಿದ್ದಳು. ಜಗಳವಾದ ಮಾರನೆಯ ದಿನದಿಂದ ತಂಗಿ ಅದಕ್ಕೆ ಎದುರಾಗಿ ಸುತ್ತತೊಡಗಿದ್ದಳು. ಜೊತೆಯಲ್ಲಿ ನಡೆಯುವುದಿಲ್ಲ ಎಂದು ತೋರಿಸಲು ಆಕೆ ಹಿಡಿದ ದಾರಿ ಅದು. ಅದರ ಫಲವಾಗಿ ಒಂದೊಂದು ಸುತ್ತಿಗೂ ಎರಡೆರಡು ಸಲ ಎದುರುಬದುರಾಗಬೇಕಾಯಿತು. ಹಟ ಮಾಡಿ ಬದಲಿಸಿದ ದಿಕ್ಕನ್ನು ಮತ್ತೆ ಬದಲಿಸುವುದು ಹೇಗೆ? ಹಾಗೇ ನಡೆದುಕೊಂಡು ಹೋಯಿತು.

ಎದುರಾದಾಗ ಇಬ್ಬರೂ ಮಾತಾಡುತ್ತಿರಲಿಲ್ಲ, ನಗುತ್ತಿರಲಿಲ್ಲ. ದಾರಿ ಇಬ್ಬರು ಹಾದುಹೋಗುವಷ್ಟೇ ಅಗಲ. ಒಬ್ಬಳು ಗೋಡೆಯ ಕಡೆಗೆ, ಇನ್ನೊಬ್ಬಳು ಗಿಡದ ಬೇಲಿಯ ಕಡೆಗೆ ಸರಿದು ದಾಟಿಹೋಗುವರು. ಅಷ್ಟರಲ್ಲಿ ಅಕ್ಕ ನೋಡಬೇಕಾದ್ದನ್ನು ನೋಡಿ ಮುಗಿಸಿರುತ್ತಿದ್ದಳು.

ಆಕೆ ಸರಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ತಂಗಿ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಆಗಿದ್ದಳು. ತಂಗಿಯ ಗಂಡನಿಗೆ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಅವರಿಗೆ ಮಕ್ಕಳಿರಲಿಲ್ಲ. ಚಿಕ್ಕವಳಿದ್ದಾಗ ತಂಗಿಗೆ ಗಂಟಲು ನೋವಾಗಿ, ಆಮೇಲೆ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತು. ಜ್ವರ ಹೋಯಿತು, ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಯಿತು. ಕವಾಟ ಗಟ್ಟಿಯಾಗುತ್ತಾ ಬರುತ್ತದೆ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಬೇಕು ಎಂದು ವೈದ್ಯರು ಹೇಳಿದ್ದರು. ವರ್ಷಕ್ಕೊಮ್ಮೆ ಅಕ್ಕನೇ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಮಾತು ಬಿಟ್ಟ ಮೇಲೆ ಅದೂ ನಿಂತಿತು. ತಂಗಿ ತಾನಾಗಿ ಹೋಗಿ ತೋರಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ಅಕ್ಕನಿಗೆ ಗೊತ್ತಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಹಾಗಾಗಿ ಆಕೆ ದಾರಿಯಲ್ಲೇ ತಪಾಸಣೆ ಮಾಡುತ್ತಿದ್ದಳು. ಜನರೇಟರ್ ಶೆಡ್ಡಿನ ಹತ್ತಿರ ದಾರಿ ಸ್ವಲ್ಪ ಏರಾಗಿತ್ತು. ತಂಗಿ ಅದನ್ನು ಹತ್ತಿ ಬರುವ ಹೊತ್ತಿಗೆ ತಾನು ಅಲ್ಲಿ ಇಳಿಯುವಂತೆ ನಡಿಗೆಯನ್ನು ಹೊಂದಿಸಿಕೊಂಡಿದ್ದಳು. ಏರು ಹತ್ತುವಾಗ ಬಾಯಿ ತೆರೆದಿದೆಯೇ? ತುಟಿಯ ಬಣ್ಣ ಹೇಗಿದೆ? ಕಣ್ಣಿನ ಕೆಳಗೆ ಬಾವು ಕಾಣುತ್ತಿದೆಯೇ? ಕವಾಟ ಕಿರಿದಾದವರ ಕೆನ್ನೆಗೆ ಏರುವ ಆ ಕೆಟ್ಟ ಕೆಂಪು ಬಂದಿದೆಯೇ? ಸುತ್ತು ಸುತ್ತಿಗೂ ಇಷ್ಟನ್ನು ನೋಡಿಕೊಂಡು ಮನೆಗೆ ಹೋಗಿ ಕಾಫಿಗೆ ನೀರಿಡುತ್ತಿದ್ದಳು. ಇವತ್ತಿಗೆ ತಂಗಿ ಚೆನ್ನಾಗಿದ್ದಾಳೆ. ನಾಳೆಯದು ನಾಳೆ.

ಜಗಳದ ಕಾರಣ ಅಮ್ಮನ ಸಾವು. ಅಮ್ಮ ಅಕ್ಕನ ಮನೆಯಲ್ಲಿದ್ದಳು. ಕೊನೆಯ ಸಲ ಹಾಸಿಗೆ ಹಿಡಿದಾಗ ತಂಗಿ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಪಕ್ಕದ ಊರಿಗೆ ಸ್ಪರ್ಧೆಗೆ ಹೋಗಿದ್ದಳು. ಫೋನ್ ಮಾಡಿ, ಈಗಲೇ ಹೊರಟು ಬರಲಾ ಎಂದು ಕೇಳಿದಳು. ಅಕ್ಕ ಅಮ್ಮನ ನಾಡಿ ನೋಡಿ, ಉಸಿರು ನೋಡಿ, "ನಾಳೆ ಬಂದರೆ ಸಾಕು" ಎಂದಳು. ಅಮ್ಮ ಅದೇ ಸಂಜೆ ಹೋದಳು.

"ನೀನು ನರ್ಸು. ನಿನಗೆ ಗೊತ್ತಿತ್ತು," ಎಂದಳು ತಂಗಿ. "ಕೊನೇ ಹೊತ್ತಲ್ಲಿ ಅಮ್ಮ ನಿನ್ನೊಬ್ಬಳಿಗೇ ಇರಲಿ ಅಂತ ನನ್ನ ದೂರ ಇಟ್ಟೆ."

ನನಗೆ ಗೊತ್ತಾಗಲಿಲ್ಲ ಎಂದು ಅಕ್ಕ ಹೇಳಬಹುದಿತ್ತು. ಅದೇ ನಿಜವೂ ಆಗಿತ್ತು. ಆದರೆ ಅಷ್ಟು ವರ್ಷ ವಾರ್ಡ್ ನಡೆಸಿದವಳ ಬಾಯಲ್ಲಿ ಆ ಮಾತು ಬರಲಿಲ್ಲ. ಸುಮ್ಮನೆ ನಿಂತಳು. ಆ ಮೌನವನ್ನೇ ತಂಗಿ ಒಪ್ಪಿಗೆ ಎಂದುಕೊಂಡಳು.

ಅಪಾರ್ಟ್‌ಮೆಂಟಿಗೆ ಒಂದು ಆರೋಗ್ಯ ಸಮಿತಿಯಿತ್ತು. ಬೆಳಗಿನ ನಡಿಗೆ, ಬುಧವಾರ ಕುರ್ಚಿಯ ಮೇಲೆ ಕೂತು ಮಾಡುವ ವ್ಯಾಯಾಮ, ಶನಿವಾರ ಕ್ಲಬ್ ರೂಮಿನಲ್ಲಿ ಬಿಪಿ ತಪಾಸಣೆ. ಬಿಪಿ ನೋಡುವ ಕೆಲಸ ಅಕ್ಕನದು. ಇಡೀ ಅಪಾರ್ಟ್‌ಮೆಂಟಿನ ತೋಳುಗಳೆಲ್ಲ ಆಕೆಯ ಮೇಜಿನ ಮೇಲೆ ಬಂದುಹೋಗಿದ್ದವು, ತಂಗಿಯದೂ ಅವಳ ಗಂಡನದೂ ಬಿಟ್ಟು. ತಾನು ಅಲ್ಲಿ ಕೂತಿರುವುದರಿಂದಲೇ ಅವಳು ಬರುತ್ತಿಲ್ಲ ಎಂದು ಒಂದು ಶನಿವಾರ ತಲೆನೋವಿನ ನೆಪ ಹೇಳಿ ಮನೆಯಲ್ಲೇ ಉಳಿದಳು. ತಪಾಸಣೆಯೇ ರದ್ದಾಯಿತು.

ಸಮಿತಿಯ ಅಧ್ಯಕ್ಷರು ಬಸ್ ಡಿಪೋದ ಮೇಲ್ವಿಚಾರಕರಾಗಿದ್ದವರು. ಎಲ್ಲರೂ ಅವರನ್ನು ಡಿಪೋ ಸಾಹೇಬ್ರು ಎನ್ನುತ್ತಿದ್ದರು. ಬಸ್ಸುಗಳು ಕೈತಪ್ಪಿದ ಮೇಲೆ ಅವರು ಜನರನ್ನು ಸಾಲಾಗಿ ಓಡಿಸುವುದರಲ್ಲಿ ನೆಮ್ಮದಿ ಕಂಡುಕೊಂಡಿದ್ದರು. ಒಂದು ಬೆಳಿಗ್ಗೆ ಬಿ ಬ್ಲಾಕಿನ ಆಡಿಟರ್ ಮೊಬೈಲ್ ನೋಡುತ್ತಾ ನಡೆದು ಎದುರಿಗೆ ಬಂದ ಹೆಂಗಸೊಬ್ಬರಿಗೆ ಡಿಕ್ಕಿ ಹೊಡೆದರು. ಆಕೆಯ ಕನ್ನಡಕ ಮುರಿದು, ಹುಬ್ಬಿನ ಮೇಲೆ ಗಾಯವಾಯಿತು. ಡಿಪೋ ಸಾಹೇಬರು ಮರುದಿನವೇ ಸಭೆ ಕರೆದರು.

"ಇನ್ನು ಮೇಲೆ ಎಲ್ಲರೂ ಒಂದೇ ದಿಕ್ಕಿಗೆ," ಎಂದರು. "ಗೇಟಿನಿಂದ ಹೊರಟು ಜನರೇಟರ್ ಶೆಡ್ಡಿನ ಏರು ಹತ್ತಿ, ಹಿಂದುಗಡೆ ಬಳಸಿ ಬರೋದು. ಬೇಸ್‌ಮೆಂಟಿನಿಂದ ಹೊರಗೆ ಬರೋ ಗಾಡಿ ಆಗ ಎದುರಿಗೇ ಕಾಣುತ್ತೆ. ನೆಲದ ಮೇಲೆ ಬಾಣ ಬರೆಸ್ತೀನಿ. ಮುಂದಿನವರನ್ನ ದಾಟೋದಾದರೆ ಬಲಗಡೆಯಿಂದ. ಹಾರ್ನ್ ಬೇಡ, ಕೆಮ್ಮಿದರೆ ಸಾಕು."

ಜನ ನಕ್ಕರು. ಅಕ್ಕ ನಗಲಿಲ್ಲ. ಮೊದಲ ಸಾಲಿನಲ್ಲಿ ಕೂತವಳು ಎದ್ದು ನಿಂತಳು.

"ದಿನಾ ಒಂದೇ ಕಡೆ ಸುತ್ತಿದರೆ ಒಂದೇ ಮಂಡಿ ಮೇಲೆ ಭಾರ ಬೀಳುತ್ತೆ. ವಯಸ್ಸಾದವರಿಗೆ ಅದು ಒಳ್ಳೇದಲ್ಲ."

"ಹಾಗಿದ್ದರೆ ಕೊನೇ ಸುತ್ತು ರಿವರ್ಸ್ ಗೇರಲ್ಲಿ ಹೋಗಿ ನರ್ಸಮ್ಮ."

ಮತ್ತೆ ನಗು. ಅಕ್ಕ ಬೇರೆ ಕಾರಣ ಹುಡುಕಿದಳು. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದಳು. ಬಿಸಿಲು ಬರುವ ಮೊದಲೇ ನಡೆಯಿರಿ ಎಂದರು ಯಾರೋ. ತನಗೆ ಬೇಕಾದ ಕಾರಣ ಒಂದೇ ಒಂದಿತ್ತು, ಅದನ್ನು ಹೇಳುವಂತಿರಲಿಲ್ಲ. ಕೊನೆಗೆ ಕೈ ಎತ್ತಿಸಿದರು. "ವಿರುದ್ಧ ಎರಡು," ಎಂದು ಘೋಷಿಸಿದರು ಡಿಪೋ ಸಾಹೇಬರು. ಒಂದು ಕೈ ತನ್ನದು. ಇನ್ನೊಂದು ಆಡಿಟರದ್ದೇ ಇರಬೇಕು ಎಂದುಕೊಂಡಳು. ಸಭೆ ಏನೇ ನಿರ್ಧರಿಸಲಿ, ಅದಕ್ಕೆ ವಿರುದ್ಧವಾಗಿ ಕೈ ಎತ್ತುವುದು ಅವರ ಪದ್ಧತಿ. ತಂಗಿ ಹಿಂದಿನ ಸಾಲಿನಲ್ಲೆಲ್ಲೋ ಕೂತಿದ್ದಳು. ಅಕ್ಕ ಹಿಂದೆ ತಿರುಗಿ ನೋಡಲಿಲ್ಲ.

ಬಾಣಗಳು ಬಂದವು. ಹಳದಿ ಬಣ್ಣ, ದಪ್ಪ ಗೆರೆ, ಹತ್ತು ಹೆಜ್ಜೆಗೊಂದರ ಹಾಗೆ. ಅವು ತೋರಿಸುತ್ತಿದ್ದದ್ದು ತಂಗಿಯ ದಿಕ್ಕನ್ನು. ಬದಲಾಗಬೇಕಾದವಳು ಅಕ್ಕ.

ಮೊದಲ ದಿನ ಇಡೀ ನಡಿಗೆಯಲ್ಲಿ ಒಂದು ಮುಖವೂ ಕಾಣಲಿಲ್ಲ. ಬೆನ್ನುಗಳು, ಬೆವರಿದ ಕುತ್ತಿಗೆಗಳು, ಜಡೆಗಳು, ಒಂದು ಬೋಳು ತಲೆ. ತಂಗಿ ಸಿ ಬ್ಲಾಕಿನಿಂದ ಹೊರಡುವುದರಿಂದ ಅರ್ಧ ಸುತ್ತು ಹಿಂದಿರುತ್ತಿದ್ದಳು. ನಡುವೆ ಕ್ಲಬ್ ರೂಮಿನ ಕಟ್ಟಡ. ಅವಳೂ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ನಡೆಯುತ್ತಿದ್ದಾಳೆ, ಆದರೆ ಕಣ್ಣಿಗೆ ಸಿಗುವುದಿಲ್ಲ.

ಅಕ್ಕ ಒಂದು ಉಪಾಯ ಮಾಡಿದಳು. ನಿಧಾನವಾಗಿ ನಡೆದರೆ ತಂಗಿ ಹಿಂದಿನಿಂದ ಬಂದು ತನ್ನನ್ನು ದಾಟಿಹೋಗಲೇಬೇಕು. ದಾಟುವಾಗ ಪಕ್ಕದಿಂದ ಅರ್ಧ ಮುಖವಾದರೂ ಸಿಗುತ್ತದೆ. ಆಮೇಲೆ ಮುಂದೆ ಹೋಗುವವಳ ನಡಿಗೆ, ಭುಜ ಏರಿಳಿಯುವ ರೀತಿ, ಕಾಲಿನ ಗಂಟಿನ ಬಾವು. ಎಂದಿನಂತೆ ಹೊರಟು ಹೆಜ್ಜೆ ಚಿಕ್ಕದು ಮಾಡಿದಳು. ಜನ ಒಬ್ಬೊಬ್ಬರಾಗಿ ಕೆಮ್ಮಿ ದಾಟಿದರು. ಮೂರನೆಯ ಸುತ್ತಿನ ಹೊತ್ತಿಗೆ ಹಿಂದಿನಿಂದ ಒಂದು ಸದ್ದು ಕೇಳಿಸಿತು. ತಂಗಿಯ ಎಡಗಾಲಿನ ಬೂಟು ಕಿರ್ ಎನ್ನುತ್ತಿತ್ತು. ಎದುರಾಗುತ್ತಿದ್ದ ಕಾಲದಿಂದಲೂ ಆ ಸದ್ದು ಅಕ್ಕನಿಗೆ ಪರಿಚಯ.

ಸದ್ದು ಹತ್ತಿರ ಬಂತು. ಇನ್ನೇನು ಪಕ್ಕಕ್ಕೆ ಬರುತ್ತದೆ ಎನ್ನುವಷ್ಟರಲ್ಲಿ ಅಲ್ಲೇ ಉಳಿಯಿತು. ನಾಲ್ಕಾರು ಮಾರು ಹಿಂದೆ. ಅಕ್ಕ ಇನ್ನೂ ನಿಧಾನಿಸಿದಳು. ಸದ್ದೂ ನಿಧಾನವಾಯಿತು.

ತಿರುಗಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಬರುವವರನ್ನು ನೋಡುವುದಕ್ಕೆ ಯಾರೂ ಸೋಲಬೇಕಾಗಿಲ್ಲ. ಕಣ್ಣು ಮುಂದಿರುತ್ತದೆ, ಮುಖ ಮುಂದೆ ಬರುತ್ತದೆ, ಅಷ್ಟೇ. ಹಿಂದಿರುವವರನ್ನು ನೋಡಬೇಕೆಂದರೆ ಕತ್ತು ತಿರುಗಿಸಬೇಕು. ಕತ್ತು ತಿರುಗಿಸಿದರೆ, ನೀನು ಹೇಗಿದ್ದೀಯಾ ಎಂದು ಕೇಳಿದ ಹಾಗೆ. ನಾಲ್ಕು ವರ್ಷದಿಂದ ಇಬ್ಬರೂ ಕೇಳದೆ ಉಳಿಸಿಕೊಂಡು ಬಂದ ಪ್ರಶ್ನೆ ಅದು.

ದಿನಗಳು ಹೀಗೇ ಕಳೆದವು. ಅಕ್ಕ ಮುಂದೆ, ತಂಗಿ ಹಿಂದೆ, ನಡುವೆ ಅದೇ ಅಂತರ. ಒಂದು ಬೆಳಿಗ್ಗೆ ಡಿಪೋ ಸಾಹೇಬರು ತಂಗಿಯನ್ನು ದಾಟಿ ಬಂದು ಅಕ್ಕನ ಪಕ್ಕ ಹೆಜ್ಜೆ ಹಾಕಿದರು.

"ಏನ್ ನರ್ಸಮ್ಮ, ಫಸ್ಟ್ ಗೇರಿಂದ ಮೇಲಕ್ಕೇ ಹೋಗ್ತಿಲ್ವಲ್ಲ?"

"ಎಂಜಿನ್ ಹಳೇದು ಸಾಹೇಬ್ರೆ."

"ನಮ್ಮ ಡಿಪೋದಲ್ಲಿ ಇಂಥ ಗಾಡೀನ ಶೆಡ್ಡಿಗೆ ಹಾಕ್ತಿದ್ವಿ."

"ಹಾಕಿ. ಜನರೇಟರ್ ಶೆಡ್ಡು ಹತ್ತಿರಾನೇ ಇದೆ."

ಅವರು ಗಟ್ಟಿಯಾಗಿ ನಕ್ಕು ಮುಂದೆ ಹೋದರು. ಹಿಂದಿನ ಬೂಟಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಜನರೇಟರ್ ಶೆಡ್ಡಿನ ಏರಿನಲ್ಲಿ ಸದ್ದು ಇನ್ನಷ್ಟು ಹಿಂದೆ ಬೀಳುವುದನ್ನು ಅಕ್ಕ ಗಮನಿಸಿದಳು. ಏರಿನ ನಡುವೆ ನಿಲ್ಲುತ್ತಿತ್ತು. ಅಕ್ಕ ಮೇಲೆ ಹೋಗಿ ಸಮತಟ್ಟಾದ ಜಾಗದಲ್ಲಿ ಹೆಜ್ಜೆ ಎಳೆದಳು. ಸ್ವಲ್ಪ ಹೊತ್ತಾದ ಮೇಲೆ ಸದ್ದು ಮತ್ತೆ ಬಂತು. ಹತ್ತಿರ ಬರಬಾರದೆಂದೇ ನಿಲ್ಲುತ್ತಾಳೆ ಎಂದುಕೊಂಡಳು. ವಾರ್ಡಿನ ಯಾವ ರೋಗಿಯಾದರೂ ಏರಿನ ನಡುವೆ ಹಾಗೆ ನಿಂತಿದ್ದರೆ ಆಕೆ ಓಡಿಹೋಗಿ ನಾಡಿ ಹಿಡಿಯುತ್ತಿದ್ದಳು. ತಂಗಿಯ ವಿಷಯದಲ್ಲಿ ಆಕೆಗೆ ಹೊಳೆದದ್ದು ಹಟ ಎಂಬ ಒಂದೇ ಮಾತು. ಚಿಕ್ಕಂದಿನಿಂದಲೂ ಅವಳು ಹಟಮಾರಿ. ಅಮ್ಮನ ಸೆರಗು ಹಿಡಿದು ದಾರಿಯಲ್ಲಿ ಕೂತುಬಿಡುತ್ತಿದ್ದವಳು.

ಇನ್ನೊಂದು ದಿನ ಅಕ್ಕ ಕೊನೆಯ ಪ್ರಯತ್ನ ಮಾಡಿದಳು. ಏರು ಮುಗಿಯುವಲ್ಲಿ ದಾರಿಯ ಅಂಚಿಗೆ ಸರಿದು, ಬೂಟಿನ ದಾರ ಕಟ್ಟುವ ನೆಪದಲ್ಲಿ ಕೂತಳು. ಈಗ ಅವಳು ದಾಟದೆ ಗತಿಯಿಲ್ಲ. ಬಿಚ್ಚದ ದಾರ ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ನಡುನಡುವೆ ಒಂದು ಕೈಯನ್ನು ಮಂಡಿಯ ಮೇಲೆ ಊರಿಕೊಂಡಳು. ಹಿಂದಿನ ಸದ್ದು ನಿಂತಿತ್ತು. ಬೇಲಿಯಲ್ಲಿ ಒಂದು ಹಕ್ಕಿ ಕೂಗುತ್ತಿತ್ತು. ಕೆಳಗೆ ಯಾರೋ ಗಾಡಿ ಸ್ಟಾರ್ಟ್ ಮಾಡಿದರು. ಹಿಂದೆ ಏನೂ ಅಲ್ಲಾಡಲಿಲ್ಲ.

ಎಷ್ಟೊಂದು ಹಟ, ಎಂದುಕೊಂಡು ಅಕ್ಕ ಎದ್ದು ನಡೆದಳು. ಅವತ್ತು ಸಿಟ್ಟಿಗೆ ವೇಗವಾಗಿಯೇ ನಡೆದಳು. ಬೂಟಿನ ಸದ್ದು ತುಂಬ ಹಿಂದೆ ಉಳಿಯಿತು.

ಮಾರನೆಯ ದಿನ ಸದ್ದು ಇರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ಅಕ್ಕ ಸುಸ್ತಾಗುವವರೆಗೆ ಸುತ್ತಿದಳು. ಸಿ ಬ್ಲಾಕಿನ ಕೆಳಗೆ ಬಂದಾಗ ತಲೆ ಎತ್ತಿ ಬಾಲ್ಕನಿ ನೋಡಿದಳು. ಒಣಗಿದ ಬಟ್ಟೆ ತಂತಿಯ ಮೇಲೇ ಇತ್ತು. ನನ್ನ ಮೇಲಿನ ಸಿಟ್ಟಿಗೆ ನಡಿಗೆಯನ್ನೇ ಬಿಟ್ಟಳು ಎಂದುಕೊಂಡು ಮನೆಗೆ ಹೋದಳು. ಕಾಫಿಗೆ ಇಟ್ಟ ನೀರು ಬತ್ತುವವರೆಗೆ ಕುದಿಯಿತು.

ಶನಿವಾರ ಕ್ಲಬ್ ರೂಮಿನಲ್ಲಿ ಸಾಲು ಉದ್ದವಿತ್ತು. ಅಕ್ಕ ಪಟ್ಟಿ ಸುತ್ತುವುದು, ಗಾಳಿ ಹಾಕುವುದು, ಬಿಡುವುದು, ಉಪ್ಪು ಕಡಿಮೆ ಮಾಡಿ ಎನ್ನುವುದು ನಡೆಸಿದ್ದಳು. ತಲೆ ಎತ್ತದೆ ಮುಂದಿನ ತೋಳಿಗೆ ಪಟ್ಟಿ ಸುತ್ತಿ ಸ್ಟೆತಸ್ಕೋಪ್ ಕಿವಿಗಿಟ್ಟಳು. ಆಗ ಆ ಕೈಯ ಬೆರಳುಗಳು ಕಣ್ಣಿಗೆ ಬಿದ್ದವು. ಸಣ್ಣ ಸ್ಕ್ರೂ ಹಿಡಿದು ಹಿಡಿದು ತುದಿ ಚಪ್ಪಟೆಯಾದ ಬೆರಳುಗಳು. ಗಡಿಯಾರದವನು. ತಂಗಿಯ ಗಂಡ.

ಅವನು ಆ ಮೇಜಿಗೆ ಎಂದೂ ಬಂದಿರಲಿಲ್ಲ. ಹೆಂಡತಿಯ ಕಣ್ಣು ತಪ್ಪಿಸಿ ಅಕ್ಕನನ್ನು ಮಾತಾಡಿಸುವ ಧೈರ್ಯ ಅವನಿಗಿರಲಿಲ್ಲ. ಈಗ ಅವನ ತುಟಿ ಅಲ್ಲಾಡುತ್ತಿತ್ತು. ಅಕ್ಕನ ಕಿವಿಯಲ್ಲಿ ಅವನ ರಕ್ತದ ಬಡಿತ ಮಾತ್ರ ಕೇಳುತ್ತಿತ್ತು, ಬಲವಾಗಿ, ಬೇಗಬೇಗ. ಸ್ಟೆತಸ್ಕೋಪ್ ತೆಗೆದಳು.

"ಏನಂದಿರಿ?"

"ಅವಳು ಆಸ್ಪತ್ರೇಲಿದ್ದಾಳೆ ಅತ್ತಿಗೆ," ಎಂದನು. "ಮೊನ್ನೆ ರಾತ್ರಿ ಉಸಿರು ಸಿಗದೆ ಎದ್ದು ಕೂತಳು. ಮಲಗೋಕೇ ಆಗ್ತಿರಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂತಾರೆ."

ಪಟ್ಟಿಯಿಂದ ಗಾಳಿ ತಾನಾಗಿಯೇ ಹೊರಗೆ ಹೋಗುತ್ತಿತ್ತು.

"ವರ್ಷಾವರ್ಷ ತೋರಿಸ್ತಿದ್ದಳಾ?"

ಅವನು ತಲೆ ತಗ್ಗಿಸಿದ. "ನಾನು ಕರೆದೆ. ಅಕ್ಕ ಇಲ್ಲದೆ ಆ ಬೆಂಚಿನ ಮೇಲೆ ಕೂರೋಕೆ ಆಗಲ್ಲ ಅಂದಳು. ಮುಂದಿನ ವರ್ಷ, ಮುಂದಿನ ವರ್ಷ ಅಂತ..."

"ನಿಮಗೆ ಏನೂ ಕಾಣಲಿಲ್ವಾ? ಮುಖ ಊದಿದ್ದು, ತುಟಿ..."

"ದಿನಾ ನೋಡೋರಿಗೆ ಹೇಗೆ ಕಾಣುತ್ತೆ ಅತ್ತಿಗೆ. ವಯಸ್ಸಾಯ್ತು ಅಂದ್ಕೊಂಡೆ." ಪಟ್ಟಿ ಸುತ್ತಿದ ತೋಳನ್ನೇ ನೋಡುತ್ತಾ ಹೇಳಿದ: "ಅವಳೂ ಹಾಗೇ ಅಂದ್ಕೊಂಡಿದ್ದಳು. ನಡಿಗೇಲಿ ನಿಧಾನ ಆಗಿದ್ದಕ್ಕೆ ನಿಮ್ಮ ಕಾರಣ ಹೇಳ್ತಿದ್ದಳು."

"ನನ್ನ ಕಾರಣವಾ?"

"ಅಕ್ಕನಿಗೆ ಮಂಡಿ ಕೆಟ್ಟಿದೆ, ನಾನು ಹಿಂದೆ ಇರ್ತೀನಿ ಅಂತ."

ಸಾಲಿನಲ್ಲಿದ್ದವರು ಕಾಯುತ್ತಿದ್ದರು. ಆಡಿಟರ್ ತೋಳು ಮಡಿಸಿಕೊಂಡು ನಿಂತಿದ್ದರು. ಅಕ್ಕ ಪಟ್ಟಿ ಬಿಚ್ಚಿ, ಪೆಟ್ಟಿಗೆಗೆ ಹಾಕದೆ ಮೇಜಿನ ಮೇಲೇ ಬಿಟ್ಟು ಎದ್ದಳು.

ಆಸ್ಪತ್ರೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಜೀವಮಾನವಿಡೀ ಆ ನಿಯಮವನ್ನು ಬೇರೆಯವರಿಗೆ ಹೇಳಿದವಳು ಹೊರಗಿನ ಬೆಂಚಿನ ಮೇಲೆ ತನ್ನ ಸರದಿಗೆ ಕಾದಳು. ಒಳಗೆ ಹೋದಾಗ ತಂಗಿ ದಿಂಬುಗಳಿಗೆ ಒರಗಿ ಕೂತಿದ್ದಳು. ಮೂಗು ಬಾಯಿಗೆ ಆಮ್ಲಜನಕದ ಮುಖವಾಡ. ಅಕ್ಕ ಕಂಡದ್ದು ಇಷ್ಟು: ಕೆನ್ನೆಯ ಮೇಲೆ ಕಪ್ಪಗೆ ತಿರುಗಿದ ಕೆಂಪು, ನೀಲಿಯಾದ ಉಗುರು, ಕತ್ತಿನಲ್ಲಿ ಉಬ್ಬಿ ಬಡಿಯುವ ನರ, ಹೊದಿಕೆಯ ಹೊರಗೆ ಬಾತುಕೊಂಡ ಪಾದ. ಇವು ಒಂದೆರಡು ದಿನದಲ್ಲಿ ಬಂದವಲ್ಲ. ಎದುರಿಗೆ ನಡೆದಿದ್ದರೆ ಮೊದಲ ವಾರದಲ್ಲೇ ಕಾಣುತ್ತಿದ್ದವು.

ತಂಗಿ ಕಣ್ಣು ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು. ಮುಖವಾಡವನ್ನು ಒಂದು ಕೈಯಿಂದ ಸ್ವಲ್ಪ ಸರಿಸಿದಳು.

"ಹಾಕ್ಕೋ ಅದನ್ನ," ಎಂದಳು ಅಕ್ಕ. ನಾಲ್ಕು ವರ್ಷದ ನಂತರದ ಮೊದಲ ಮಾತು ಅದು.

"ಮಂಡಿಗೇನಾಯ್ತು ನಿಂಗೆ?"

"ನನ್ನ ಮಂಡಿಗೆ ಏನೂ ಆಗಿಲ್ಲ ಕಣೇ."

"ಸುಳ್ಳು. ಅವತ್ತು ಮಂಡಿ ಹಿಡ್ಕೊಂಡು ಕೂತಿದ್ದೆ. ಏಳೋಕೇ ಆಗ್ತಿರಲಿಲ್ಲ. ಬಂದು ಎಬ್ಬಿಸೋಣ ಅಂತ ಎರಡು ಹೆಜ್ಜೆ ಇಟ್ಟೆ. ಉಸಿರು ಬರಲಿಲ್ಲ, ನಿಂತೆ. ಅಷ್ಟರಲ್ಲಿ ನೀನೇ ಎದ್ದೆ." ಒಂದೊಂದು ಮಾತಿಗೂ ನಡುವೆ ಗಾಳಿ ಎಳೆದುಕೊಳ್ಳುತ್ತಿದ್ದಳು. "ಡಿಪೋ ಸಾಹೇಬ್ರ ಹತ್ರಾನೂ ಹೇಳ್ದೆ. ಎಂಜಿನ್ ಹಳೇದು ಅಂತ."

"ತಮಾಷೆಗೆ ಅಂದಿದ್ದು."

"ಮತ್ತೆ ಯಾಕೆ ಅಷ್ಟು ನಿಧಾನ?"

"ನೀನು ನನ್ನ ದಾಟಿ ಹೋಗಲಿ ಅಂತ. ನಿನ್ನ ಮುಖ ನೋಡೋಣ ಅಂತ."

ತಂಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮುಖವಾಡದೊಳಗೆ ಉಸಿರಿನ ಮಂಜು ಕಟ್ಟಿ, ಕರಗಿ, ಮತ್ತೆ ಕಟ್ಟಿತು. ನಗುತ್ತಿದ್ದಳು.

"ನಾನು ದಾಟಿದರೆ ನೀನು ಬಿದ್ದರೂ ಗೊತ್ತಾಗಲ್ವಲ್ಲ," ಎಂದಳು. "ಅದಕ್ಕೇ ಹಿಂದೆ ಇದ್ದೆ."

"ಕೂಗಬಾರದಿತ್ತಾ ಒಂದು ಸಲ?"

"ನೀನು ತಿರುಗಬಾರದಿತ್ತಾ?"

ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ಆ ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಭ್ಯಾಸದಿಂದ ಬೆರಳುಗಳು ನಾಡಿಗೆ ಹೋದವು. ತಾಳ ತಪ್ಪಿದ ನಾಡಿ. ಎಣಿಸದೆ ಸುಮ್ಮನೆ ಹಿಡಿದುಕೊಂಡಳು.

"ಅಮ್ಮನ ವಿಷಯ," ಎಂದು ಶುರು ಮಾಡಿದಳು. "ಅವತ್ತು ನಂಗೆ..."

"ಬೇಡ ಬಿಡು. ಅದೆಲ್ಲ ಹೇಳೋಕೆ ಉಸಿರು ಬೇಕು. ನಂಗಿಲ್ಲ."

"ನೀನು ಹೇಳಬೇಡ. ಕೇಳು. ಅವತ್ತು ನಂಗೆ ಗೊತ್ತಾಗಲಿಲ್ಲ. ನಿಜವಾಗಲೂ ನಾಳೆವರೆಗೆ ಇರ್ತಾಳೆ ಅಂತಾನೇ ಅಂದ್ಕೊಂಡಿದ್ದೆ."

ತಂಗಿ ಕಣ್ಣು ಮುಚ್ಚಿದ್ದಳು.

"ಅದನ್ನೇ ಅವತ್ತು ಹೇಳಿದ್ದರೆ," ಎಂದಳು ತಂಗಿ. ಮುಖವಾಡವನ್ನು ಸರಿಯಾಗಿ ಎಳೆದುಕೊಂಡಳು.

ವೈದ್ಯರು ಕಾರಿಡಾರಿನಲ್ಲಿ ಮಾತಾಡಿದರು. ನೀರು ಇಳಿಯಲು ಔಷಧಿ ಕೊಡುತ್ತಿದ್ದೇವೆ, ಸ್ವಲ್ಪ ಸುಧಾರಿಸಿದರೆ ಶಸ್ತ್ರಚಿಕಿತ್ಸೆ ಮಾಡಬಹುದು, ಕವಾಟ ತೀರಾ ಕಿರಿದಾಗಿದೆ, ತಡವಾಗಿದೆ ಎಂದರು. ಅಕ್ಕ ತಲೆಯಾಡಿಸುತ್ತಾ ಕೇಳಿದಳು. ಇದೇ ಮಾತನ್ನು ಇದೇ ದನಿಯಲ್ಲಿ ಎಷ್ಟೋ ಮನೆಯವರಿಗೆ ವೈದ್ಯರ ಪಕ್ಕ ನಿಂತು ತಾನೂ ಹೇಳಿದ್ದಳು.

ಭಾನುವಾರ ಗಡಿಯಾರದವನು, "ನೀವು ಮನೆಗೆ ಹೋಗಿ ಸ್ವಲ್ಪ ಮಲಗಿ ಅತ್ತಿಗೆ. ಇವತ್ತು ಪರವಾಗಿಲ್ಲ ಅನ್ನಿಸ್ತಿದೆ. ನಾಳೆ ಬನ್ನಿ," ಎಂದನು.

"ನಾನಿಲ್ಲೇ ಇರ್ತೀನಿ."

ಅವನು ಒತ್ತಾಯ ಮಾಡಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ತನ್ನ ಮಣಿಕಟ್ಟಿನ ಗಡಿಯಾರಕ್ಕೆ ಕೀಲಿ ಕೊಡುತ್ತಾ, ಕೇಳದ ಸಂಗತಿಯೊಂದನ್ನು ಹೇಳಿದ. ಒಂದೇ ದಿಕ್ಕಿಗೆ ನಡೆಯುವ ಸಭೆಯಲ್ಲಿ ಹೆಂಡತಿಯ ಪಕ್ಕದಲ್ಲೇ ಅವನಿದ್ದ. ವಿರುದ್ಧವಾಗಿ ಕೈ ಎತ್ತಿದ ಎರಡನೆಯವಳು ಅವಳೇ. ಆಡಿಟರ್ ಡಿಕ್ಕಿಯ ನಾಚಿಕೆಗೆ ಅವತ್ತು ಸಭೆಗೇ ಬಂದಿರಲಿಲ್ಲ.

"ಯಾಕೆ ಕೈ ಎತ್ತಿದೆ ಅಂತ ಕೇಳಿದೆ," ಎಂದನು. "ಬಾಣದ ಬಣ್ಣ ಚೆನ್ನಾಗಿಲ್ಲ ಅಂದಳು. ಬಾಣ ಇನ್ನೂ ಬರೆದೇ ಇರಲಿಲ್ಲ."

ಸೋಮವಾರ ಬೆಳಕು ಹರಿದ ಮೇಲೆ ತಂಗಿ ತೀರಿಕೊಂಡಳು. ಗಂಡ ಒಂದು ಪಕ್ಕ, ಅಕ್ಕ ಇನ್ನೊಂದು ಪಕ್ಕ. ನಿಯಮ ಮೀರಿ ಇಬ್ಬರನ್ನೂ ಒಳಗೆ ಬಿಟ್ಟಾಗಲೇ ಅಕ್ಕನಿಗೆ ಗೊತ್ತಾಗಿತ್ತು.

ಅಕ್ಕ ಮತ್ತೆ ನಡಿಗೆಗೆ ಇಳಿದದ್ದು ತುಂಬ ದಿನಗಳ ಮೇಲೆ. ಬಾಣಗಳ ಹಳದಿ ಆಗಲೇ ಸ್ವಲ್ಪ ಸವೆದಿತ್ತು. ಗೇಟಿನ ಹತ್ತಿರ ಡಿಪೋ ಸಾಹೇಬರು ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಗಡಿಯಾರದವನು ಅವರಿಗೆ ಎಲ್ಲವನ್ನೂ ಹೇಳಿದ್ದನೆಂದು ಅವರ ಮುಖವೇ ಹೇಳುತ್ತಿತ್ತು.

"ನರ್ಸಮ್ಮ, ನನಗೆ ಗೊತ್ತಿರಲಿಲ್ಲ."

"ಯಾರಿಗೂ ಗೊತ್ತಿರಲಿಲ್ಲ ಸಾಹೇಬ್ರೆ."

"ಬಾಣ ಅಳಿಸಿಬಿಡ್ತೀನಿ. ಕಮಿಟೀಲಿ ಮಾತಾಡಿದೀನಿ, ಯಾರೂ ಬೇಡ ಅನ್ನಲ್ಲ. ಬೇಕಾದವರು ಬೇಕಾದ ಕಡೆ ನಡೀಲಿ. ನೀವು ನಿಮ್ಮ ಮೊದಲಿನ ದಿಕ್ಕಿಗೇ ಹೋಗಿ."

ಅಕ್ಕ ಎರಡೂ ಕಡೆ ನೋಡಿದಳು. ಒಂದು ಕಡೆಗೆ ಆಕೆಯ ಹಳೆಯ ದಾರಿ. ಹಾಗೆ ಹೊರಟರೆ ಎಲ್ಲ ಮುಖಗಳೂ ಒಂದೊಂದಾಗಿ ಎದುರಿಗೆ ಬರುತ್ತವೆ. ಏರಿನ ಹತ್ತಿರವೂ ಯಾರೋ ಒಬ್ಬರು ಬರುತ್ತಾರೆ, ತಂಗಿಯಲ್ಲ.

"ಅಳಿಸಬೇಡಿ," ಎಂದಳು. "ಇದೇ ಇರಲಿ."

"ನೀವೇ ತಾನೇ ಬೇಡ ಅಂದಿದ್ದು?"

"ಆವಾಗ ಅಂದಿದ್ದೆ."

ಅವರು ಟೋಪಿ ಹಾಕಿಕೊಂಡು ಪಕ್ಕಕ್ಕೆ ಸರಿದರು.

ಅಕ್ಕ ಬಾಣದ ದಿಕ್ಕಿನಲ್ಲಿ ಹೊರಟಳು. ಮಂಡಿಗೆ ಏನೂ ಆಗಿರದಿದ್ದರೂ ಮೊದಲಿನಷ್ಟೇ ನಿಧಾನವಾಗಿ ನಡೆದಳು. ಹಿಂದಿನಿಂದ ಬಂದವರು ಕೆಮ್ಮಿ, ಬಲಗಡೆಯಿಂದ ದಾಟಿ ಮುಂದೆ ಹೋದರು. ಆಡಿಟರ್ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ದಾಟಿದರು. ಜನರೇಟರ್ ಶೆಡ್ಡಿನ ಏರು ಬಂತು. ಹತ್ತಿ, ಮೇಲೆ ಸಮತಟ್ಟಾದ ಜಾಗದಲ್ಲಿ, ಹಿಂದಿರುವವರು ಉಸಿರು ತೆಗೆದುಕೊಂಡು ಬರಲು ಬೇಕಾಗುವಷ್ಟು ಹೊತ್ತು ನಿಂತಳು. ಆಮೇಲೆ ಕತ್ತು ತಿರುಗಿಸದೆ ನಡೆದಳು.